ಹಾಲೂಡುವ ತಾಯಿಯ ಸುತ್ತಣವರು



ಮೂವತ್ತು ವರ್ಷಗಳಿಗೂ ಮಿಕ್ಕು ಶಿಶುವೈದ್ಯವೃತ್ತಿಯಲ್ಲಿದ್ದ ನನಗೆ ಈ ವರ್ಷದ ದತ್ತಿ ಉಪನ್ಯಾಸದ ಆಹ್ವಾನ ಬಂದಾಗ, ತಾಯಂದಿರ ಮತ್ತು ಮಕ್ಕಳ ಕ್ಷೇಮಕ್ಕೆ ಸಂಬಂಧಿಸಿದ ಯಾವುದಾದರೊಂದು ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ವ್ಯವಸ್ಥಾಪಕರು ದಯಪಾಲಿಸಿದ್ದರು. ಹೊಸ ವ್ಯಾಧಿಗಳನ್ನೂ ಹೊಸ ಚಿಕಿತ್ಸೆಗಳನ್ನೂ ಕುರಿತು ಹೇಳಬೇಕೆಂಬ ಆಸೆ ಮೊದಲು ಮೂಡಿದರೂ, ಕೊನೆಗೆ ನನ್ನ ಮನಸ್ಸು ಹೋಗಿ ನಿಂತದ್ದು ಎಲ್ಲಕ್ಕಿಂತ ಹಳೆಯದಾದ ಒಂದು ವಿಷಯದ ಮೇಲೆ: ಹೆತ್ತ ತಾಯಿ ತನ್ನ ಕೂಸಿಗೆ ಎದೆಹಾಲು ಕುಡಿಸುವುದು. ಇದರಲ್ಲಿ ಹೇಳುವುದೇನಿದೆ, ಹಸುವಿಗೂ ಹಕ್ಕಿಗೂ ಯಾರೂ ಕಲಿಸದೆ ಬರುವ ವಾತ್ಸಲ್ಯವು ಮನುಷ್ಯಳಿಗೆ ಬಾರದೆ ಹೋದೀತೆ, ಎಂದು ತಾವು ಕೇಳಬಹುದು. ವಾತ್ಸಲ್ಯಕ್ಕೆ ಎಂದೂ ಕೊರತೆಯಿಲ್ಲ. ಆದರೆ ವಾತ್ಸಲ್ಯವು ಎದೆಯಿಂದ ಕೂಸಿನ ಬಾಯಿಗೆ ಇಳಿಯಬೇಕಾದರೆ ನಡುವೆ ಅತ್ತೆಯ ಮಾತು, ವೈದ್ಯರ ಅವಸರ, ಅಂಗಡಿಯ ಡಬ್ಬಿ, ಮಾಲೀಕನ ಗಡಿಯಾರ, ಊರಿನ ವಾಡಿಕೆ ಇವೆಲ್ಲವನ್ನೂ ಅದು ದಾಟಬೇಕಾಗುತ್ತದೆ. ಆ ದಾರಿಯ ವಿಚಾರವಾಗಿ ನಾನು ಕಂಡದ್ದನ್ನು ಈ ಸಂಜೆ ತಮ್ಮ ಮುಂದೆ ಇಡುತ್ತೇನೆ.

ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಕಾಲ. ಉತ್ತರ ಕರ್ನಾಟಕದ ಒಂದು ಜಿಲ್ಲಾಸ್ಥಳದ ಹೆರಿಗೆ ವಾರ್ಡು. ಚೊಚ್ಚಲ ಹೆರಿಗೆಯಾಗಿ ಮೂರನೆಯ ದಿನದಲ್ಲಿದ್ದ, ಇಪ್ಪತ್ತು ತುಂಬದ ಹುಡುಗಿಯೊಬ್ಬಳು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಎದೆ ಕಟ್ಟಿಕೊಂಡು ಕಲ್ಲಿನಂತಾಗಿತ್ತು. ಸೆರಗು ಎರಡು ಕಡೆ ನೆನೆದಿತ್ತು. ಮಂಚದ ಕಾಲ ಬಳಿ ಕುಳಿತ ಅವಳ ಅತ್ತೆ, ಬೆಳ್ಳಿಯ ಒಳಲೆಯಲ್ಲಿ ಸಕ್ಕರೆ ನೀರು ತುಂಬಿಕೊಂಡು, ಅಳುತ್ತಿದ್ದ ಕೂಸಿನ ತುಟಿಗೆ ಹನಿಹನಿಯಾಗಿ ಬಿಡುತ್ತಿದ್ದಳು. ಯಾಕೆ ಮೊಲೆ ಕುಡಿಸಿಲ್ಲ ಎಂದು ನಾನು ಕೇಳಿದ್ದು ಹುಡುಗಿಯನ್ನು. ಉತ್ತರ ಬಂದದ್ದು ಅತ್ತೆಯಿಂದ. "ಅದು ಕೆಟ್ಟ ಹಾಲರಿ ಬಾಯಾರ, ಹಿಂಡಿ ಚೆಲ್ಲೇವ್ರಿ. ಶೆಟಿವಿ ಮುಗೀಲಿ, ಆಮ್ಯಾಲೆ ಕುಡಸ್ತಾಳ." ಐದನೆಯ ದಿನದ ಶೆಟಿವಿ ಪೂಜೆಯಾಗುವ ತನಕ ಎದೆಹಾಲು ಕೊಡಬಾರದೆಂಬುದು ಆ ಮನೆಯ ನಡೆವಳಿಕೆ. ನಾನು ಎಳೆಯ ವಯಸ್ಸಿನ ಬಿಸಿಯಲ್ಲಿ ಆ ಹುಡುಗಿಯನ್ನೇ ಗದರಿಸಿದೆ. ಅತ್ತೆ ಹೊರಗೆ ಹೋದ ಮೇಲೆ ಅವಳು ತಗ್ಗಿದ ದನಿಯಲ್ಲಿ ಹೇಳಿದ ಮಾತು ಈ ಹೊತ್ತಿಗೂ ನನ್ನ ಕಿವಿಯಲ್ಲಿದೆ: "ನಾ ಒಬ್ಬಾಕಿ ಹೂಂ ಅಂದರ ಏನಾಗ್ತದರಿ?"

ನಮ್ಮ ಬೋಧನೆಗಳೂ ಭಿತ್ತಿಪತ್ರಗಳೂ ಬಹುಕಾಲ ಆ ಒಬ್ಬಾಕೆಯನ್ನೇ ಉದ್ದೇಶಿಸಿ ಮಾತನಾಡಿದವು. ಹಾಲು ಅವಳದು ನಿಜ. ಅದನ್ನು ಕುಡಿಸುವ ಅಧಿಕಾರ ಮಾತ್ರ ಅವಳ ಕೈಯಲ್ಲಿರಲಿಲ್ಲ.

ಮೊದಲ ಹಾಲನ್ನು ಚೆಲ್ಲುವ ಈ ರೂಢಿ ಅಜ್ಞಾನಿಗಳಾದ ಹಳ್ಳಿಗರ ಕಲ್ಪನೆಯೆಂದು ತಿರಸ್ಕರಿಸುವಂತಿಲ್ಲ. ಅದರ ಬೇರು ಶಾಸ್ತ್ರದಲ್ಲಿಯೇ ಇದೆ. ಸುಶ್ರುತಸಂಹಿತೆಯ ಶಾರೀರಸ್ಥಾನವು, ಪ್ರಸವವಾದ ಮೂರು ನಾಲ್ಕು ರಾತ್ರಿಗಳ ತರುವಾಯ ಸ್ತನ್ಯವು ಪ್ರವರ್ತಿಸುವುದೆಂದು ಹೇಳಿ, ಅದುವರೆಗೆ ಶಿಶುವಿಗೆ ಜೇನು ತುಪ್ಪಗಳ ಲೇಹವನ್ನು ವಿಧಿಸುತ್ತದೆ. ಚರಕಸಂಹಿತೆಯಾದರೋ, ಮಂತ್ರಪೂತವಾದ ಜೇನು ತುಪ್ಪಗಳನ್ನು ನೆಕ್ಕಿಸಿದ ಮೇಲೆ, ಮೊದಲು ಬಲಗಡೆಯ ಸ್ತನವನ್ನು ಕೊಡತಕ್ಕದ್ದೆಂದು ಹೇಳಿ ಮುಗಿಸುತ್ತದೆ. ದಿನಗಟ್ಟಲೆ ಕಾಯಿಸುವ ಮಾತು ಅಲ್ಲಿಲ್ಲ. ಎರಡು ಮಹಾಗ್ರಂಥಗಳಲ್ಲಿ ಇಷ್ಟು ಅಂತರವಿದ್ದುದನ್ನು ನೋಡಿದರೆ, ಆ ಕಾಲದಲ್ಲಿಯೂ ಈ ವಿಷಯದಲ್ಲಿ ಏಕವಾಕ್ಯತೆಯಿರಲಿಲ್ಲವೆಂದೇ ತೋರುತ್ತದೆ. ಸುಶ್ರುತನ ಅವಲೋಕನ ಸುಳ್ಳಲ್ಲ. ಹಾಲು ಸಮೃದ್ಧವಾಗಿ ತುಂಬಿಬರುವುದು ಮೂರನೆಯ ದಿನದ ಸುಮಾರಿಗೆ ತಾನೆ. ಅದಕ್ಕೆ ಮೊದಲು ಒಸರುವ ಹಳದಿ ಬಣ್ಣದ, ಗಟ್ಟಿಯಾದ, ಚಮಚಗಳ ಲೆಕ್ಕದಲ್ಲಿ ಅಳೆಯಬೇಕಾದ ಆ ದ್ರವದಲ್ಲಿ ರೋಗವನ್ನು ತಡೆಯುವ ಸತ್ತ್ವ ಎಷ್ಟಿದೆಯೆಂಬುದು ಕಣ್ಣಿಗೆ ಕಾಣುವಂಥದಲ್ಲ.

ಕಣ್ಣಿಗೆ ಕಾಣದ್ದನ್ನು ರೈತನ ಮನೆಯವರು ಬೇರೊಂದು ಕಡೆ ಕಂಡುಕೊಂಡಿದ್ದಾರೆ. ಎಷ್ಟೋ ವರ್ಷಗಳ ಮೇಲೆ, ಇದೇ ಹಟ ಹಿಡಿದಿದ್ದ ಇನ್ನೊಬ್ಬ ಮುದುಕಿಯನ್ನು ನಾನು ಗದರಿಸದೆ, ಪಕ್ಕದಲ್ಲಿ ಕುಳಿತು, ಮನೆಯಲ್ಲಿ ದನಕರು ಇವೆಯೇ ಎಂದು ವಿಚಾರಿಸಿದೆ. ಎರಡು ಎಮ್ಮೆ ಇದ್ದವು. ಎಮ್ಮೆ ಈದರೆ ಕರುವಿಗೆ ಮೊದಲು ಏನು ಕುಡಿಸುತ್ತೀರಿ ಎಂದೆ. ಗಿಣ್ಣು ಎಂದಳು. ಕುಡಿಸದಿದ್ದರೆ? "ಕರ ಏಳಂಗಿಲ್ಲರಿ." ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಮುದುಕಿ ಎದ್ದಳು, ತೊಟ್ಟಿಲಿನ ಕೂಸನ್ನು ಬಟ್ಟೆಸಮೇತ ಎತ್ತಿದಳು, ಸೊಸೆಯ ಮಗ್ಗುಲಿಗೆ ಮಲಗಿಸಿ ತಾನೇ ಸೆರಗು ಸರಿಸಿದಳು. ನಾನು ಓದಿದ ಯಾವ ಪಠ್ಯಪುಸ್ತಕವೂ ಅಷ್ಟು ಬೇಗ ಆ ಕೆಲಸವನ್ನು ಮಾಡಿಸಲಾರದಿತ್ತು. ಅತ್ತೆ ನಮ್ಮ ಶತ್ರುವೆಂದು ಭಾವಿಸಿದ್ದು ನಮ್ಮ ತಪ್ಪು. ಅವಳಿಗೆ ಗೊತ್ತಿದ್ದುದನ್ನು ಅವಳಿಗೆ ನೆನಪು ಮಾಡಿಕೊಡುವುದು ಸಾಕಾಗಿತ್ತು.

ಇನ್ನು ದೇಶದ ಚಿತ್ರವನ್ನು ಕೊಂಚ ನೋಡೋಣ. 2015-16ರಲ್ಲಿ ನಡೆದ ನಾಲ್ಕನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆಸ್ಪತ್ರೆಯಲ್ಲಾದ ಹೆರಿಗೆಗಳು ನೂರಕ್ಕೆ 78.9, ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಪಡೆದ ಮಕ್ಕಳು 41.6. 2019-21ರ ಐದನೆಯ ಸಮೀಕ್ಷೆಗೆ ಬರುವ ಹೊತ್ತಿಗೆ ಆಸ್ಪತ್ರೆಯ ಹೆರಿಗೆ 88.6ಕ್ಕೆ ಏರಿತು, ಮೊದಲ ಗಂಟೆಯ ಹಾಲು 41.8ರಲ್ಲಿಯೇ ನಿಂತಿತು. ಸಹೃದಯರು ಈ ಎರಡು ಜೊತೆ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ಯೋಚಿಸಬೇಕೆಂದು ಬೇಡುತ್ತೇನೆ. ಸೂಲಗಿತ್ತಿಯ ಕೈಯಿಂದ ವೈದ್ಯರ ಕೈಗೆ ಕೂಸು ಬಂದರೆ ಹಳೆಯ ತಪ್ಪುಗಳೆಲ್ಲ ತಾವಾಗಿ ಕಳೆದುಹೋಗುವುವೆಂದು ನಾವು ನಂಬಿದ್ದೆವು. ಹಾಗಾಗಲಿಲ್ಲ.

ಪ್ರಾಂತಗಳ ನಡುವಣ ಅಂತರ ಇನ್ನೂ ವಿಸ್ಮಯಕರವಾದುದು. ಅದೇ ಐದನೆಯ ಸಮೀಕ್ಷೆಯಲ್ಲಿ ಮೊದಲ ಗಂಟೆಯೊಳಗೆ ಹಾಲು ಪಡೆದ ಮಕ್ಕಳು ಉತ್ತರ ಪ್ರದೇಶದಲ್ಲಿ ನೂರಕ್ಕೆ 24ರ ಆಸುಪಾಸು. ಕೇರಳದಲ್ಲಿ 67ರ ಆಸುಪಾಸು. ಒಡಿಶಾದಲ್ಲಿ 68ಕ್ಕೂ ಮಿಕ್ಕು. ಕೇರಳದ ಕಾರಣ ಅಕ್ಷರವೆಂದರೆ, ಒಡಿಶಾದ ಕಾರಣವೇನು? ಬಡತನವೇ ಅಡ್ಡಿಯೆಂದರೆ ಒಡಿಶಾ ಅದಕ್ಕೆ ಒಡಂಬಡುವುದಿಲ್ಲ. ವಿದ್ಯೆಯೇ ಪರಿಹಾರವೆಂದರೆ ಕೇರಳವೂ ಪೂರ್ತಿಯಾಗಿ ಒಡಂಬಡುವುದಿಲ್ಲ. ಏಕೆಂದರೆ ಆರು ತಿಂಗಳೊಳಗಿನ ಮಕ್ಕಳಿಗೆ ಎದೆಹಾಲನ್ನಲ್ಲದೆ ನೀರನ್ನು ಕೂಡ ಕೊಡದ ಪರಿಪಾಠವನ್ನು ನೋಡಿದರೆ, ದೇಶದ ಸರಾಸರಿ 63.7 ಇರುವಲ್ಲಿ, ಕೇರಳ ಅದಕ್ಕಿಂತ ಕೆಳಗೆ, 55ರ ಸುಮಾರಿಗೆ ನಿಲ್ಲುತ್ತದೆ. ಅರಣ್ಯವೂ ಆದಿವಾಸಿಗಳೂ ಹೆಚ್ಚಾಗಿರುವ ಛತ್ತೀಸಗಢ 80ನ್ನು ಮುಟ್ಟುತ್ತದೆ. ಪ್ರಾರಂಭ ಮಾಡುವುದು ಒಂದು, ನಡೆಸಿಕೊಂಡು ಹೋಗುವುದು ಇನ್ನೊಂದು. ಎರಡಕ್ಕೂ ಬೇಕಾದ ಆಸರೆ ಬೇರೆಬೇರೆ. ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಈ ಎರಡನೆಯ ಸಂಖ್ಯೆಯನ್ನು ತೆಗೆಯುವ ಕ್ರಮ, ಹಿಂದಿನ ಒಂದು ಹಗಲು ಒಂದು ರಾತ್ರಿಯಲ್ಲಿ ಕೂಸಿಗೆ ಏನೇನು ಕೊಟ್ಟಿರೆಂದು ಕೇಳುವುದು. ಅದರಲ್ಲಿ ಒಂದು ತಿಂಗಳ ಕೂಸೂ ಸೇರಿದೆ, ಐದು ತಿಂಗಳ ಕೂಸೂ ಸೇರಿದೆ. ಆರು ತಿಂಗಳು ತುಂಬುವವರೆಗೂ ಎಡಬಿಡದೆ ಬರಿಯ ಎದೆಹಾಲಿನಲ್ಲಿ ಬೆಳೆದ ಮಕ್ಕಳು ಈ ಸಂಖ್ಯೆ ಸೂಚಿಸುವುದಕ್ಕಿಂತ ಕಡಿಮೆ ಎಂದೇ ತಿಳಿಯಬೇಕು.

ಅದೇ ಸಮೀಕ್ಷೆಯಂತೆ ನಮ್ಮ ಕರ್ನಾಟಕದಲ್ಲಿ ಹೆರಿಗೆಗಳು ನೂರಕ್ಕೆ 97ರಷ್ಟು ಆಸ್ಪತ್ರೆಗಳಲ್ಲಿಯೇ ಆಗುತ್ತವೆ. ಮೊದಲ ಗಂಟೆಯ ಹಾಲು ದೊರೆಯುವುದು ಹೆಚ್ಚುಕಡಿಮೆ ಅರ್ಧ ಮಕ್ಕಳಿಗೆ. ಉಳಿದರ್ಧದ ಹೊಣೆಯನ್ನು ಅಜ್ಜಿಯ ಒಳಲೆಯ ಮೇಲೆ ಹಾಕಿ ನಾವು, ವೈದ್ಯರು, ನಿಶ್ಚಿಂತರಾಗುವಂತಿಲ್ಲ. ನಮ್ಮ ರಾಜ್ಯದಲ್ಲಿ ಮೂರು ಹೆರಿಗೆಗಳಲ್ಲಿ ಒಂದರ ಹತ್ತಿರಹತ್ತಿರಕ್ಕೆ ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ಅದು ಅರ್ಧವನ್ನು ಮೀರಿದೆ. ನೆರೆಯ ತೆಲಂಗಾಣದಲ್ಲಿ ಎಲ್ಲ ಹೆರಿಗೆಗಳ ಲೆಕ್ಕದಲ್ಲಿಯೇ ನೂರಕ್ಕೆ 60ನ್ನು ದಾಟಿದೆ, ಅಲ್ಲಿ ಮೊದಲ ಗಂಟೆಯ ಹಾಲು 40ನ್ನು ಮುಟ್ಟಲಿಲ್ಲ. ಹೊಟ್ಟೆ ಕೊಯ್ದು ಹೊಲಿದ ತಾಯಿ ಹಾಲೂಡಲಾರಳೆಂಬುದು ಸುಳ್ಳು. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವ ಅರಿವಳಿಕೆಯಲ್ಲಿ ಆಕೆ ಎಚ್ಚರವಾಗಿಯೇ ಇರುತ್ತಾಳೆ. ಒಬ್ಬ ದಾದಿ ಪಕ್ಕದಲ್ಲಿ ನಿಂತು ಕೂಸನ್ನು ಹಿಡಿದುಕೊಂಡರೆ ಒಂದು ಗಂಟೆಯೊಳಗೆ ಕುಡಿಸುವುದು ಸಾಧ್ಯ. ಆ ಒಬ್ಬ ದಾದಿಯೇ ಇರುವುದಿಲ್ಲ. ತಾಯಿಯನ್ನು ಒಂದು ಕೋಣೆಯಲ್ಲಿಯೂ ಕೂಸನ್ನು ಇನ್ನೊಂದು ಕೋಣೆಯಲ್ಲಿಯೂ ಇರಿಸಿ, ಅದು ಅತ್ತರೆ "ಸದ್ಯಕ್ಕೆ" ಪುಡಿಹಾಲನ್ನು ಕಲಸಿಕೊಡುವ ಪದ್ಧತಿಯನ್ನು ನಾನು ಕೆಲಸಮಾಡಿದ ಕಡೆಗಳಲ್ಲಿಯೇ ಕಂಡಿದ್ದೇನೆ. ಈ "ಸದ್ಯಕ್ಕೆ" ಎಂಬ ಮಾತು ಎಷ್ಟೋ ಮನೆಗಳಲ್ಲಿ ವರ್ಷದವರೆಗೆ ಬೆಳೆಯಿತು.

ಡಬ್ಬಿಹಾಲಿನ ಅಪಾಯವನ್ನು ಗಟ್ಟಿಯಾಗಿ ಸಾರಿದ ಮೊದಲಿಗರಲ್ಲಿ ಒಬ್ಬರು ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ, 1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನ ಸಭೆಯಲ್ಲಿ. ಆಕೆಯ ಭಾಷಣದ ಶೀರ್ಷಿಕೆಯಲ್ಲಿ ಹಾಲಿನ ಪಕ್ಕದಲ್ಲಿ ಕೊಲೆಯೆಂಬ ಶಬ್ದವಿತ್ತು. ಜಗತ್ತು ಎಚ್ಚೆತ್ತು, ವಿಶ್ವ ಆರೋಗ್ಯ ಸಭೆಯು ಶಿಶು ಆಹಾರದ ಮಾರಾಟಕ್ಕೆ ಸಂಹಿತೆಯನ್ನು ಅಂಗೀಕರಿಸಿದ್ದು 1981ರಲ್ಲಿ. ನಮ್ಮ ಸಂಸತ್ತು ಕಾನೂನು ಮಾಡಿದ್ದು 1992ರಲ್ಲಿ, ಅದನ್ನು ಬಿಗಿಗೊಳಿಸಿದ್ದು 2003ರಲ್ಲಿ. ಆ ಕಾನೂನಿನ ಪ್ರಕಾರ ಪುಡಿಹಾಲಿಗೆ ಜಾಹೀರಾತು ಕೂಡದು, ಡಬ್ಬಿಯ ಮೇಲೆ ಮುದ್ದು ಮಗುವಿನ ಚಿತ್ರ ಕೂಡದು, ಬಾಣಂತಿಯರಿಗೆ ಪುಕ್ಕಟೆ ಮಾದರಿಗಳನ್ನು ಹಂಚಕೂಡದು. ಇದು ಒಳ್ಳೆಯ ಕಾನೂನು. ನಮ್ಮ ದೇಶವು ಪುಡಿಹಾಲಿನ ಪ್ರವಾಹದಲ್ಲಿ ಇನ್ನೂ ಕೊಚ್ಚಿಹೋಗದೆ ನಿಂತಿರುವುದಕ್ಕೆ ಇದರ ಪಾಲು ಸಣ್ಣದಲ್ಲವೆಂದು ನಾನು ನಂಬುತ್ತೇನೆ. ಆದರೆ ಬಿಡುಗಡೆಯ ಚೀಟಿಯ ಕೆಳಗೆ ವೈದ್ಯರೇ ಒಂದು ಡಬ್ಬಿಯ ಹೆಸರನ್ನು ಬರೆದುಕೊಟ್ಟರೆ ಯಾವ ಜಾಹೀರಾತು ಬೇಕು?

ಆಸ್ಪತ್ರೆಯಿಂದ ಮನೆಗೆ ಬರೋಣ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ನಮ್ಮ ಸಂಪ್ರದಾಯವನ್ನು ನಾನು ಮನಸಾರೆ ಗೌರವಿಸುತ್ತೇನೆ. ಮೂರು ತಿಂಗಳೋ ಐದು ತಿಂಗಳೋ, ಮಗಳು ಮತ್ತೆ ಮಗುವಾಗಿ, ಎಣ್ಣೆನೀರು ಎರೆಸಿಕೊಂಡು, ಸಾಂಬ್ರಾಣಿಯ ಹೊಗೆಯಲ್ಲಿ ತಲೆಯೊಣಗಿಸಿಕೊಂಡು, ಹೊತ್ತುಹೊತ್ತಿಗೆ ಉಂಡು ಮಲಗುವ ಆ ಬಾಣಂತನಕ್ಕೆ ಸಮನಾದ ಏರ್ಪಾಡನ್ನು ಯಾವ ಸರ್ಕಾರವೂ ಈವರೆಗೆ ಕಟ್ಟಿಲ್ಲ. ಧಾರವಾಡ ವಿಜಯಪುರಗಳ ಕಡೆ ಅಂಟಿನುಂಡಿ, ಅಳ್ವಿಯ ಪಾಯಸ, ಕೊಬ್ಬರಿ ಕಾರೀಕು. ಕರಾವಳಿಯಲ್ಲಿ ಮೆಂತ್ಯದ ಗಂಜಿ, ಓಮದ ಕಷಾಯ. ಹಳೆಯ ಮೈಸೂರಿನ ಸೀಮೆಯಲ್ಲಿ ಬೆಳ್ಳುಳ್ಳಿ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು. ಇವುಗಳಲ್ಲಿ ಹಾಲನ್ನು ಹೆಚ್ಚಿಸುವ ಗುಣ ಯಾವುದರಲ್ಲಿ ಎಷ್ಟಿದೆಯೆಂಬ ವಾದ ಏನೇ ಇರಲಿ, ಒಬ್ಬರು ಒಲೆಯ ಮುಂದೆ ಕುಳಿತು ಇನ್ನೊಬ್ಬರಿಗಾಗಿ ಬೇಯಿಸುತ್ತಿದ್ದಾರೆಂಬ ಭಾವನೆಯೇ ಬಾಣಂತಿಗೆ ಬಲ. ಎರಡನೆಯ ಹೆರಿಗೆಗೆ ಈ ಭಾಗ್ಯ ಬಹುಮಂದಿಗೆ ಇರುವುದಿಲ್ಲ. ಹನ್ನೊಂದನೆಯ ದಿನಕ್ಕೋ ಹದಿನೈದನೆಯ ದಿನಕ್ಕೋ ಅವಳು ಒಲೆಯ ಮುಂದೆ ಕೂರುತ್ತಾಳೆ. ಮೊದಲ ಮಗುವಿಗೆ ಧಾರಾಳವಾಗಿದ್ದ ಹಾಲು ಎರಡನೆಯದಕ್ಕೆ ಸಾಲದೆಂಬ ದೂರು ಆಗ ಹುಟ್ಟುತ್ತದೆ.

ಇದೇ ಬಾಣಂತನದಲ್ಲಿ ಕೇಡೂ ಕಲೆತಿದೆ. ನೀರು ಕುಡಿದರೆ ಮೈ ಊದುವುದೆಂದು ಬಾಯಾರಿದ ಬಾಣಂತಿಗೆ ಲೋಟದಲ್ಲಿ ಅಳೆದು ನೀರು ಕೊಡುವ ಮನೆಗಳನ್ನು ನಾನು ಕಂಡಿದ್ದೇನೆ. ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಊರ ಹೊರಗಿನ ಗುಡಿಸಲಿನಲ್ಲಿರಿಸುವ ಪದ್ಧತಿ ತುಮಕೂರು ಚಿತ್ರದುರ್ಗಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಇನ್ನೂ ಉಳಿದಿದೆ. 2023ರ ಮಳೆಗಾಲದಲ್ಲಿ ತುಮಕೂರು ಜಿಲ್ಲೆಯ ಅಂಥದೊಂದು ಗುಡಿಸಲಿನಲ್ಲಿದ್ದ ಕೂಸು ತೀರಿಕೊಂಡ ಸುದ್ದಿಯನ್ನು ತಾವೆಲ್ಲರೂ ಓದಿದ್ದೀರಿ. ಗಾಳಿಮಳೆಗೆ ನಡುಗುತ್ತಿರುವ, ರಾತ್ರಿ ಕರೆದರೆ ಓಗೊಡುವವರಿಲ್ಲದ ತಾಯಿಯ ಎದೆಯಲ್ಲಿ ಹಾಲು ಹೇಗೆ ಇಳಿದೀತು?

ಹಾಲು ಇಳಿಯುವುದೆಂಬುದನ್ನು ಸ್ವಲ್ಪ ವಿವರಿಸಬೇಕು. ಹಸು ತೊರೆಬಿಡುವುದೆಂದು ನಾವು ಹೇಳುತ್ತೇವಲ್ಲ, ಅದು ತಾಯಿಯಲ್ಲಿಯೂ ಉಂಟು. ಕೂಸು ಚೀಪಿದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ಸ್ರಾವಗಳು ಹೊರಡುತ್ತವೆ: ಪ್ರೊಲ್ಯಾಕ್ಟಿನ್ ಹಾಲನ್ನು ಉತ್ಪತ್ತಿ ಮಾಡಿಸುತ್ತದೆ, ಆಕ್ಸಿಟೋಸಿನ್ ಅದನ್ನು ಹೊರಕ್ಕೆ ತಳ್ಳುತ್ತದೆ. ಮೊದಲನೆಯದು ರಾತ್ರಿಯ ಹೊತ್ತು ಹೆಚ್ಚು. ಎರಡನೆಯದು ಭಯ, ನೋವು, ಅವಮಾನಗಳಿಂದ ತಡೆದುನಿಲ್ಲುತ್ತದೆ. ಹೊಡೆದ ಕೈಗೆ ಹಸು ತೊರೆಬಿಡುವುದಿಲ್ಲವೆಂದು ಬಲ್ಲ ಜನ, ಮನೆಯ ಹೆಣ್ಣುಮಗಳ ವಿಷಯದಲ್ಲಿ ಅದನ್ನು ಮರೆಯುತ್ತಾರೆ. ಹೆಣ್ಣು ಹೆತ್ತಳೆಂದು ಮುಖ ತಿರುಗಿಸಿಕೊಂಡ ಮನೆಯಲ್ಲಿ ಹಾಲು ಬತ್ತಿದ್ದನ್ನು ನಾನು ಒಂದಲ್ಲ, ಹಲವು ಬಾರಿ ನೋಡಿದ್ದೇನೆ. ಇನ್ನು, ಕುಡಿದಷ್ಟೂ ಊರುವುದು ಎದೆಹಾಲಿನ ಧರ್ಮ. ಆದುದರಿಂದ ಸಾಲದೆಂದು ಒಂದು ಹೊತ್ತು ಮೇಲುಹಾಲು ಹಾಕಿದರೆ, ಆ ಹೊತ್ತು ಕೂಸು ಚೀಪುವುದಿಲ್ಲ, ಚೀಪದ್ದರಿಂದ ಹಾಲು ಕುಗ್ಗುತ್ತದೆ, ಕುಗ್ಗಿದ್ದರಿಂದ ಇನ್ನೊಂದು ಹೊತ್ತು ಮೇಲುಹಾಲು. ಕೂಸು ಸಂಜೆ ಅತ್ತಾಗಲೆಲ್ಲ "ಹಾಲು ಸಾಲದೇನೋ" ಎಂದು ನೆರೆಮನೆಯವರು ಬಾಗಿಲಲ್ಲಿ ನಿಂತು ಹೇಳುವ ಒಂದು ಮಾತು ಈ ಚಕ್ರವನ್ನು ಉರುಳಿಸುವುದಕ್ಕೆ ಸಾಕು. ದಿನಕ್ಕೆ ಆರೇಳು ಬಾರಿ ಉಚ್ಚೆ ಹೊಯ್ದು, ತೂಕ ಏರುತ್ತಿರುವ ಕೂಸಿಗೆ ಹಾಲು ಸಾಲುತ್ತಿದೆ. ಅದರ ಅಳುವಿಗೆ ಬೇರೆ ಕಾರಣವಿದ್ದೀತು.

ದುಡಿಯುವ ಹೆಣ್ಣಿನ ಮಾತೇ ಬೇರೆ. 1961ರ ಹೆರಿಗೆ ಸೌಲಭ್ಯದ ಕಾನೂನನ್ನು 2017ರಲ್ಲಿ ತಿದ್ದಿ ರಜೆಯನ್ನು ಹನ್ನೆರಡು ವಾರಗಳಿಂದ 26 ವಾರಗಳಿಗೆ ಏರಿಸಿದರು. ವೈದ್ಯರು ಹೇಳುವ ಆರು ತಿಂಗಳಿಗೂ ಈ 26 ವಾರಕ್ಕೂ ಸರಿಹೊಂದುತ್ತದೆ. ನನಗೆ ಅಂದು ಆದ ಸಂತೋಷ ಅಷ್ಟಿಷ್ಟಲ್ಲ. ಕೆಲಸಕ್ಕೆ ಮರಳಿದ ಮೇಲೂ ಮಗುವಿಗೆ ಹದಿನೈದು ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲೂಡುವ ಬಿಡುವು ಕೊಡಬೇಕೆಂಬುದೂ, ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುವಿಹಾರವಿರಬೇಕೆಂಬುದೂ ಹಳೆಯ ಕಾನೂನುಗಳಲ್ಲಿಯೇ ಇದ್ದವು. ಆದರೆ ಬೆಂಗಳೂರಿನ ಹೊರವಲಯದ ಗಾರ್ಮೆಂಟ್ಸ್‌ನಲ್ಲಿ ಗಂಟೆಗಿಷ್ಟು ಎಂದು ಟಾರ್ಗೆಟ್ ಮುಗಿಸಬೇಕಾದ ಹೆಣ್ಣುಮಗಳು, ಎರಡು ಬಸ್ಸು ಬದಲಾಯಿಸಿ ಕೂಸನ್ನು ಕಾರ್ಖಾನೆಗೆ ತರುವುದೆಂತು? ಊರಿನಲ್ಲಿ ತಾಯಿಯ ಬಳಿ ಬಿಟ್ಟುಬರುತ್ತಾಳೆ. ಮಧ್ಯಾಹ್ನ ಶೌಚಾಲಯದ ಗೋಡೆಗೆ ಒರಗಿ ಎದೆಯನ್ನು ಹಿಂಡಿ ಚೆಲ್ಲಿ, ಮುಖ ತೊಳೆದುಕೊಂಡು ಮತ್ತೆ ಮೆಷಿನ್ನಿನ ಮುಂದೆ ಕೂರುತ್ತೇನೆಂದು ಒಬ್ಬಾಕೆ ನನಗೆ ಹೇಳಿದಳು. ಶೆಟಿವಿಯ ತನಕ ಹಾಲನ್ನು ಹಿಂಡಿ ಚೆಲ್ಲಿಸಿದ ಆ ಅತ್ತೆ ನನಗೆ ಆಗ ನೆನಪಾದಳು.

ಕಾನೂನಿನ ಈ ಆವರಣದ ಹೊರಗೆ ಉಳಿದವರು ಇನ್ನೂ ಹೆಚ್ಚು. ಕಬ್ಬು ಕಡಿಯುವುದಕ್ಕೆ, ಕಟ್ಟಡದ ಕೆಲಸಕ್ಕೆ ಊರೂರು ಅಲೆಯುವ ಕಲಬುರಗಿ ರಾಯಚೂರುಗಳ ಹೆಣ್ಣುಮಕ್ಕಳಿಗೆ 26 ವಾರದ ರಜೆಯೆಂಬುದಿಲ್ಲ. ಮೊದಲ ಮಗುವಿಗೆ ಪ್ರಧಾನಮಂತ್ರಿ ಮಾತೃವಂದನೆಯ 5,000 ರೂಪಾಯಿ ಆರು ತಿಂಗಳ ಕೂಲಿಗೆ ಎಣೆಯಲ್ಲ. ನಮ್ಮ ರಾಜ್ಯದ ಮಾತೃಪೂರ್ಣ ಯೋಜನೆ 2017ರಲ್ಲಿ ಆರಂಭವಾದಾಗ ಬಸುರಿಯರೂ ಬಾಣಂತಿಯರೂ ಅಂಗನವಾಡಿಗೇ ಬಂದು ಬಿಸಿಯೂಟ ಉಣ್ಣಬೇಕೆಂದಿತ್ತು. ಉದ್ದೇಶ ಉದಾತ್ತವಾದದ್ದು: ಮನೆಗೆ ಕೊಟ್ಟ ಧಾನ್ಯ ಎಲ್ಲರ ತಟ್ಟೆಗೆ ಹಂಚಿಹೋಗುತ್ತದೆ, ಎದುರಿಗೆ ಬಡಿಸಿದ್ದು ಅವಳ ಹೊಟ್ಟೆಗೇ ಹೋಗುತ್ತದೆ. ಆದರೆ ಬಾಣಂತಿ ಹೊಸಲು ದಾಟಬಾರದೆಂಬ ನಾಡಿನಲ್ಲಿ, ಒಂದೂವರೆ ಮೈಲಿ ದೂರದ ತಾಂಡಾದಿಂದ, ಕಂಕುಳಲ್ಲಿ ಹಸುಗೂಸನ್ನು ಹೊತ್ತು ಯಾರು ಬಂದಾರು? ಯೋಜನೆಗಳನ್ನು ಬರೆಯುವವರು ಬರೆಯುವುದಕ್ಕೆ ಮೊದಲು ಒಂದು ಬಾಣಂತಿಕೋಣೆಯ ಬಾಗಿಲಲ್ಲಿ ಅರ್ಧ ದಿನ ಕುಳಿತಿರಬೇಕೆಂದು ನನ್ನ ಬಿನ್ನಹ.

ನಿರಾಶೆಗೆ ಕಾರಣವಿಲ್ಲ. ಹರಿಯಾಣದ ಹಳ್ಳಿಗಳಲ್ಲಿ ನಡೆದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಓದಿಸುತ್ತಿದ್ದೆ. ಅಲ್ಲಿ ಹೊಸ ಔಷಧವಿಲ್ಲ, ಯಂತ್ರವಿಲ್ಲ. ಸೂಲಗಿತ್ತಿಯರಿಗೂ ಅಂಗನವಾಡಿಯವರಿಗೂ ದಾದಿಯರಿಗೂ ಒಂದೇ ಮಾತನ್ನು ಹೇಳಲು ಕಲಿಸಿ, ಮನೆಯವರ ಮುಂದೆ ಆ ಮಾತನ್ನು ಮತ್ತೆಮತ್ತೆ ಹೇಳಿಸಿದರು. ಮೂರನೆಯ ತಿಂಗಳಿನಲ್ಲಿ ಬರಿಯ ಎದೆಹಾಲು ಕುಡಿಯುತ್ತಿದ್ದ ಮಕ್ಕಳು ಆ ಹಳ್ಳಿಗಳಲ್ಲಿ ನೂರಕ್ಕೆ 79. ಹಾಗೆ ಮಾಡದ ಹಳ್ಳಿಗಳಲ್ಲಿ 48. ಸೂಲಗಿತ್ತಿಯನ್ನು ಹೊರಗಟ್ಟದೆ ಜೊತೆಗೆ ಸೇರಿಸಿಕೊಂಡದ್ದು ಇಲ್ಲಿನ ವಿವೇಕ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫೆರ್ನಾಂಡಿಸ್ 1989ರಲ್ಲಿ ಏಷ್ಯದ ಮೊದಲ ತಾಯಿಹಾಲಿನ ಬ್ಯಾಂಕನ್ನು ಸ್ಥಾಪಿಸಿದಾಗ, ಹಾಲು ಹೆಚ್ಚಾದ ತಾಯಂದಿರು ಕಂಡರಿಯದ ಕೂಸುಗಳಿಗೆ ಕೊಡುವರೇ ಎಂದು ಅನುಮಾನಪಡುವುದು ಸಹಜವಾಗಿತ್ತು, ಕೊಟ್ಟರು. ಇಂದು ನಮ್ಮ ಆಶಾ ಕಾರ್ಯಕರ್ತೆ ಆಸ್ಪತ್ರೆಯಿಂದ ಮರಳಿದ ಬಾಣಂತಿಯ ಮನೆಗೆ ನಲವತ್ತೆರಡು ದಿನಗಳೊಳಗೆ ಆರು ಬಾರಿ ಹೋಗಬೇಕೆಂದು ನಿಯಮವಿದೆ. ಅವಳು ಹೋದಾಗ ಅತ್ತೆಯನ್ನೂ ಗಂಡನನ್ನೂ ಜೊತೆಗೆ ಕೂರಿಸಿಕೊಂಡು ಮಾತನಾಡಲಿ. ಬಾಣಂತಿಕೋಣೆ ಹೆಂಗಸರದೆಂದು ಜಗಲಿಯಲ್ಲೇ ನಿಂತಿರುವ ಗಂಡನೂ ಒಳಗೆ ಬಂದು ಕೇಳಲಿ.

ಈ ಸಭೆಯಲ್ಲಿ ವೈದ್ಯರಿದ್ದೀರಿ, ಕಾರ್ಖಾನೆಗಳನ್ನು ನಡೆಸುವವರಿದ್ದೀರಿ, ಅತ್ತೆ ಮಾವಂದಿರಾಗಿ ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿರುವವರು ಬಹಳ ಮಂದಿ ಇದ್ದೀರಿ. ನನ್ನ ಬೇಡಿಕೆ ದೊಡ್ಡದಲ್ಲ. ನಾಳೆ ನೀವು ಬಾಣಂತಿಯಿರುವ ಮನೆಗೆ ಹೋದರೆ, ಹಾಲು ಸಾಲುತ್ತಿದೆಯೇ ಎಂದು ಅವಳನ್ನು ಕೇಳಬೇಡಿ. ಊಟವಾಯಿತೇ, ನೀರು ಕುಡಿದೆಯಾ, ರಾತ್ರಿ ನಿದ್ದೆ ಬಂತೇ ಎಂದು ಕೇಳಿ. ಇಲ್ಲವೆಂದರೆ, ಎದ್ದು ಹೋಗಿ ಒಂದು ತಂಬಿಗೆ ನೀರು ತಂದು ಅವಳ ಕೈಗೆಟಕುವಂತೆ ಇಡಿ.